ಎರಡೇ ಕಡ್ಡಿಯಲ್ಲಿ ದಪ್ಪ ಕಾಲುಚೀಲ: 29 ಕುಣಿಕೆಯ ಲೆಕ್ಕ

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಮಡಿಕೇರಿ ಕಡೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಮನೆಯೊಳಗೆ ಹಾಕಿಕೊಳ್ಳೋ ಕಾಲುಚೀಲಕ್ಕೆ ನಾಲ್ಕು ಕಡ್ಡಿಯ ಗೋಜು ಬೇಡ. ಚಪ್ಪಟೆಯಾಗಿ ಹೆಣೆದು ಹೊಲಿದರೆ ಸಾಕು. ನೂಲು ಅಕ್ರಿಲಿಕ್ ಇರಲಿ. ಈ ಮಳೆಯಲ್ಲಿ ಅಪ್ಪಟ ಉಣ್ಣೆ ಒಣಗೋ ಹೊತ್ತಿಗೆ ಮುಗ್ಗಲು ವಾಸನೆ ಹಿಡಿದಿರುತ್ತೆ. ಆದರೆ ಅಕ್ರಿಲಿಕ್ಕನ್ನು ಒಲೆಯ ಮೇಲಿನ ತಂತಿಗೆ ಹಾಕಬೇಡಿ, ಬಿಸಿ ತಾಗಿದರೆ ಜೋತುಬೀಳುತ್ತೆ, ಮತ್ತೆ ಬಿಗಿ ಬರಲ್ಲ.

ನಾನು ಫೋರ್ ಪ್ಲೈ ನೂಲನ್ನು ಎರಡೆಳೆ ಸೇರಿಸಿ 5 ಮಿ.ಮೀ. ಕಡ್ಡಿಯಲ್ಲಿ ಹೆಣೆಯುತ್ತೇನೆ, ಹಳೇ ಲೆಕ್ಕದಲ್ಲಿ 6ನೇ ನಂಬರ್. ಇಂಚಿಗೆ 4 ಕುಣಿಕೆ ಬರಬೇಕು. 150 ಗ್ರಾಂ ತಂದರೆ ದೊಡ್ಡವರ ಜೋಡಿಗೆ ನಿಶ್ಚಿಂತೆ. ಮೊದಲನೆಯದು ಮುಗಿದ ಕೂಡಲೇ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಅಷ್ಟೇ ನೂಲು ಉಳಿದಿದೆಯಾ ನೋಡಿ.

29 ಕುಣಿಕೆ ಹಾಕಿ. ನಿಟ್ ಅಂದರೆ ನೂಲು ಹಿಂದಿಟ್ಟು ಹೆಣೆಯೋ ಕುಣಿಕೆ, ಪರ್ಲ್ ಅಂದರೆ ನೂಲು ಮುಂದಿಟ್ಟು ಹೆಣೆಯೋದು. ಮೊದಲ ಸಾಲು 9 ನಿಟ್, 1 ಪರ್ಲ್, 9 ನಿಟ್, 1 ಪರ್ಲ್, 9 ನಿಟ್. ಎರಡನೇ ಸಾಲು ಪೂರ್ತಿ ನಿಟ್. ಇದೇ ಎರಡು ಸಾಲು ಮುಂದುವರಿಸಿ. ಆ ಒಂಟಿ ಪರ್ಲ್‌ಗಳು ಎರಡು ಮಡಿಕೆ ಗೆರೆಗಳಾಗುತ್ತವೆ, ನಡುವಿನ 9 ಅಂಗಾಲು. ಪರ್ಲ್ ಸಾಲು ಯಾವುದು ಅನ್ನೋದು ಮರೆತುಹೋಗುತ್ತೆ, ಆ ಮುಖಕ್ಕೊಂದು ಪಿನ್ನು ಚುಚ್ಚಿಡಿ. 9 ಇಂಚಿನ ಪಾದಕ್ಕೆ ಹೀಗೆ ಐದೂಮುಕ್ಕಾಲು ಇಂಚು, ಆಮೇಲೆ ಬೆರಳಿಗೆ ಎರಡೂಕಾಲು ಇಂಚು 1 ನಿಟ್ 1 ಪರ್ಲ್ ರಿಬ್, ಅಂದರೆ ಉದ್ದುದ್ದ ಪಟ್ಟೆ ಮೂಡೋ ಹೆಣಿಗೆ. ಒಟ್ಟು 8 ಇಂಚೇ, ಹಾಕಿಕೊಂಡಾಗ ಎಳೆದುಕೊಳ್ಳುತ್ತೆ.

ರಿಬ್ಬಿನಲ್ಲೇ ಹೆಚ್ಚಿನವರು ಎಡವೋದು. 29 ಬೆಸ ಸಂಖ್ಯೆ, ಹಾಗಾಗಿ ಒಂದು ಸಾಲು ನಿಟ್‌ನಿಂದ ಶುರುವಾದರೆ ಮುಂದಿನದು ಪರ್ಲ್‌ನಿಂದ. ಎರಡನ್ನೂ ನಿಟ್‌ನಿಂದ ಶುರುಮಾಡಿದರೆ ಪಟ್ಟೆ ಬರಲ್ಲ, ಸಾಸಿವೆ ಚೆಲ್ಲಿದ ಹಾಗೆ ಗಂಟುಗಂಟಾಗಿ ಕಾಣುತ್ತೆ. ರಿಬ್ ಶುರುಮಾಡೋ ಮುಂಚೆ ಬೇರೆ ಬಣ್ಣದ ದಾರವನ್ನು ಸೂಜಿಯಲ್ಲಿ ಪೋಣಿಸಿ 29 ಕುಣಿಕೆಗೂ ದಾಟಿಸಿಡಿ. ಬಿಚ್ಚಬೇಕಾಗಿ ಬಂದರೆ ಬಿಚ್ಚೋದು ಅಲ್ಲಿಗೇ ನಿಲ್ಲುತ್ತೆ.

ಎಣಿಸಿದಾಗ 30 ಬಂತಾ? ಎರಡು ಕಡೆ ಹುಡುಕಿ. ಸಾಲಿನ ಆರಂಭದಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆ ಎರಡರ ಹಾಗೆ ಕಾಣುತ್ತೆ, ಎರಡನ್ನೂ ಹೆಣೆದುಬಿಡುತ್ತೇವೆ. ಇಲ್ಲವೇ ನಿಟ್‌ನಿಂದ ಪರ್ಲ್‌ಗೆ ಹೋಗುವಾಗ ನೂಲನ್ನು ಕಡ್ಡಿಗಳ ನಡುವಿನಿಂದ ತರದೆ ಮೇಲಿಂದ ತಂದಿರುತ್ತೇವೆ. ಮುಂದಿನ ಸಾಲಲ್ಲೇ ಕಣ್ಣಿಗೆ ಬಿದ್ದರೆ ಆ ಹೆಚ್ಚಿನ ಸುತ್ತನ್ನು ಸುಮ್ಮನೆ ಜಾರಿಸಿ.

28 ಬಂದರೆ ಒಂದು ಜಾರಿದೆ, ಕೆಳಗೆ ಏಣಿಯ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಕ್ರೋಷಾ ಕಡ್ಡಿಯಿಂದ ಎತ್ತಿ. ಅಡ್ಡ ಎಳೆ ಕುಣಿಕೆಯ ಹಿಂದಿದ್ದರೆ ಮುಂದಿನಿಂದ ಕೊಕ್ಕೆ ಹಾಕಿ, ಮುಂದಿದ್ದರೆ ಹಿಂದಿನಿಂದ. ಪೂರ್ತಿ ನಿಟ್ ಇರೋ ಜಾಗದಲ್ಲಿ ಇವೆರಡೂ ಒಂದು ಬಿಟ್ಟು ಒಂದು ಬರಬೇಕು. ಮಡಿಕೆ ಗೆರೆಯಲ್ಲಿ ಪರ್ಲ್ ತಪ್ಪಿದ್ದರೆ ಇಡೀ ಸಾಲು ಬಿಚ್ಚಬೇಡಿ. ಆ ಒಂದನ್ನೇ ತಪ್ಪಿನವರೆಗೆ ಇಳಿಸಿ, ಬಟ್ಟೆ ಹಿಂಬದಿಗೆ ತಿರುಗಿಸಿ. ಅಲ್ಲಿಂದ ನೋಡಿದರೆ ಆ ಗೆರೆ ಕೆಳಗಿನಿಂದ ಮೇಲಿನವರೆಗೆ ಬರೀ ನಿಟ್, ಪ್ರತಿ ಎಳೆಯನ್ನೂ ಮುಂದಿನಿಂದಲೇ ಎತ್ತಬಹುದು. ಕಡ್ಡಿಗೆ ವಾಪಸ್ ಹಾಕುವಾಗ ಕುಣಿಕೆಯ ಬಲಗಾಲು ಮುಂದಿರಲಿ, ಇಲ್ಲದಿದ್ದರೆ ತಿರುಚಿಕೊಳ್ಳುತ್ತೆ.

ಕೊನೆಗೆ 20 ಇಂಚು ನೂಲು ಬಿಟ್ಟು ಕತ್ತರಿಸಿ, ಸೂಜಿಯಿಂದ 29ರಲ್ಲೂ ಎರಡು ಸಲ ದಾಟಿಸಿ ಬಿಗಿಯಾಗಿ ಎಳೆಯಿರಿ. ಅದೇ ನೂಲಿನಲ್ಲಿ ರಿಬ್ಬಿನ ಅಂಚುಗಳನ್ನೂ ಮೇಲೆ ಇನ್ನೊಂದು ಇಂಚನ್ನೂ ಹೊಲಿಯಿರಿ. ಹಿಮ್ಮಡಿಯನ್ನು ಸುಮ್ಮನೆ ಮಡಚಿ ಹೊಲಿದರೆ ಕೆಳಗೆ ಮೂತಿ ಏಳುತ್ತೆ. ಅದಕ್ಕೇ ಮೊದಲು ಎರಡೂ ಪಕ್ಕದ ಹತ್ತತ್ತು ಕುಣಿಕೆಯ ಅಂಚನ್ನು ಒಂದಕ್ಕೊಂದು ಸೇರಿಸಿ, ನಡುವಿನ 9ನ್ನು ಮೇಲೆತ್ತಿ ಅಡ್ಡಡ್ಡ ಹೊಲಿಯಿರಿ. ಗಂಟು ಹಿಮ್ಮಡಿಯ ಕೆಳಗೆ ಬರಕೂಡದು, ಚುಚ್ಚುತ್ತೆ. ಪಾಲಿಶ್ ಆದ ನೆಲದಲ್ಲಿ ಜಾರದಿರಲು ಹಳೇ ಚರ್ಮದ ಚೀಲದ ತುಂಡನ್ನು, ಒರಟು ಬದಿ ಕೆಳಗೆ ಬರೋ ಹಾಗೆ, ಅಂಗಾಲಿಗೆ ಹೊಲಿದುಬಿಡಿ.