ಗೋರಿಕಲ್ಲನ್ನು ತೊಳೆಯುವ ಮುನ್ನ

ಉದಕಮಂಡಲದ ಸೇಂಟ್ ಸ್ಟೀಫನ್ ಚರ್ಚಿನ ಚಾವಣಿಯನ್ನು ಹೊತ್ತಿರುವ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯ ಮರಮಟ್ಟು. 1799ರಲ್ಲಿ ಕೋಟೆ ಬಿದ್ದ ಮೂವತ್ತು ವರ್ಷಗಳ ಮೇಲೆ, ಮದ್ರಾಸಿನ ಗವರ್ನರ್ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್ ಈ ಚರ್ಚನ್ನು ಕಟ್ಟಿಸಿದಾಗ ಆ ಮರ ಘಟ್ಟ ಹತ್ತಿತು. 1829ರ ಏಪ್ರಿಲ್ 23ರಂದು ಅಡಿಗಲ್ಲು ಬಿತ್ತು. 1830ರ ನವೆಂಬರ್ 5ರಂದು ಕಲ್ಕತ್ತಾದ ಬಿಷಪ್ ಜಾನ್ ಮಥಾಯಸ್ ಟರ್ನರ್ ಪ್ರತಿಷ್ಠೆ ನೆರವೇರಿಸಿದರು. ಮದ್ರಾಸಿಗೆ ತನ್ನದೇ ಆದ ಬಿಷಪ್ ದೊರೆತದ್ದು 1835ರಲ್ಲಿ. ಅಲ್ಲಿಯವರೆಗೆ ದಕ್ಷಿಣದ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪಂಗಡಕ್ಕೆ ಸೇರಿದ) ಚರ್ಚುಗಳೆಲ್ಲ ಕಲ್ಕತ್ತಾದ ಅಧೀನದಲ್ಲಿದ್ದವು. ಇಂದಿನ ಪ್ರವಾಸಿಗರು ತೊಲೆಗಳನ್ನೂ ಬಣ್ಣದ ಗಾಜಿನ ಕಿಟಕಿಗಳನ್ನೂ ನೋಡಿ ಹಿಂದಿರುಗುತ್ತಾರೆ. ಚರ್ಚಿನ ಹಿಂದೆ ಇಳಿಜಾರನ್ನು ಏರುತ್ತ ಹೋಗುವ ಗೋರಿಗಳ ಕಡೆ ಕಾಲು ಹಾಕುವವರು ಕಡಿಮೆ.

ಊಟಿಯನ್ನು ಊರಾಗಿಸಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ನನ ಹೆಂಡತಿ ಹೆನ್ರಿಯೆಟ್ಟಾ ಮತ್ತು ಅವರ ಮಗಳು ಮಣ್ಣಾದದ್ದು ಇದೇ ಅಂಗಳದಲ್ಲಿ. ಆತನಾದರೋ ಇಂಗ್ಲೆಂಡಿಗೆ ಮರಳಿ 1855ರಲ್ಲಿ ತೀರಿಕೊಂಡು, ಸ್ಲೌ ಪಟ್ಟಣದ ಅಪ್ಟನ್ನಿನ ಸೇಂಟ್ ಲಾರೆನ್ಸ್ ಚರ್ಚಿನ ಅಂಗಳವನ್ನು ಸೇರಿದ. (ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಸಮಾಧಿಯೂ ಆ ಚರ್ಚಿನಲ್ಲೇ ಇದೆ.) ಒಂದೇ ಕುಟುಂಬದ ಗೋರಿಗಳು ಹೀಗೆ ಎರಡು ಖಂಡಗಳಿಗೆ ಹಂಚಿಹೋದವು. ಇಂಗ್ಲೆಂಡಿನಲ್ಲಿ ಹೂಳುವುದು ನಿಂತುಹೋದ ಚರ್ಚಿನ ಅಂಗಳದ ನಿರ್ವಹಣೆಯನ್ನು 1972ರ ಸ್ಥಳೀಯಾಡಳಿತ ಕಾಯ್ದೆಯ ಪ್ರಕಾರ ಊರಿನ ಆಡಳಿತಕ್ಕೆ ವಹಿಸಿಕೊಡಬಹುದು. ನಮ್ಮಲ್ಲಿ ಅಂಥ ಅನುಕೂಲವಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಆಂಗ್ಲಿಕನ್ನರು ಇತರ ಪಂಗಡಗಳೊಡನೆ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆದ ಮೇಲೆ, ಈ ಬಗೆಯ ಹಳೆಯ ಗೋರಿಗಳ ಹೊಣೆ ಬಂಧುಗಳಲ್ಲದ ಸ್ಥಳೀಯ ಸಭೆಯವರ ಹೆಗಲಿಗೆ ಬಂದಿತು. ಅವರಿಗೆ ನೆರವಾಗಲು ಬರುವ ಉತ್ಸಾಹಿಗಳು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ನೂರು ಮಳೆಗಾಲಗಳನ್ನು ತಡೆದುಕೊಂಡ ಅಕ್ಷರ ಒಂದು ಭಾನುವಾರದ ಶ್ರಮದಾನದಲ್ಲಿ ಅಳಿಸಿಹೋಗಬಲ್ಲದು.

ಆದಕಾರಣ ಕೆಲಸವು ಪೊರಕೆಯಿಂದಲ್ಲ, ಕಾಗದದಿಂದ ಆರಂಭವಾಗಬೇಕು. ಪ್ರತಿಷ್ಠೆಗೊಂಡ ನೆಲದಲ್ಲಿ ಒಂದು ಇಟ್ಟಿಗೆಯನ್ನು ಸರಿಸುವುದಕ್ಕೂ ಸ್ಥಳೀಯ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಸಮಿತಿಯ ಮತ್ತು ಡಯಾಸಿಸಿನ, ಅಂದರೆ ಬಿಷಪ್ಪರ ಆಡಳಿತ ವಲಯದ, ಲಿಖಿತ ಅನುಮತಿ ಪಡೆಯಿರಿ. ಮರ ಕಡಿಯುವ ಮಾತು ಬಂದರೆ ಅದು ಸಭೆಯ ಕೈಯಲ್ಲೂ ಇಲ್ಲ. ನೀಲಗಿರಿಯಲ್ಲಿ 1955ರ ಬೆಟ್ಟಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ನಿಮ್ಮ ಊರಿನ ಸ್ಮಶಾನ ಪುರಾತತ್ವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಇಲಾಖೆಯನ್ನು ಕೇಳದೆ ಏನನ್ನೂ ಮುಟ್ಟಬಾರದು.

ಎರಡನೆಯದು ದಾಖಲೆ. ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ನಾಳೆ ಕಲ್ಲು ಒಡೆದರೂ ಓದಿಟ್ಟ ಮಾತು ಉಳಿಯುತ್ತದೆ. ಮೊದಲು ಅಂಗಳದ ನಕ್ಷೆ ಬರೆದು ಸಾಲುಗಳಿಗೂ ಗೋರಿಗಳಿಗೂ ಸಂಖ್ಯೆ ಕೊಡಿ. ಸಂಖ್ಯೆ ನಕ್ಷೆಯ ಮೇಲಿರಲಿ, ಕಲ್ಲಿನ ಮೇಲೆ ಬಣ್ಣದಲ್ಲಿ ಬೇಡ. ಅನಂತರ ಪ್ರತಿ ಗೋರಿಯ ಫೋಟೋ ತೆಗೆಯಿರಿ. ಅಕ್ಷರ ಸವೆದಿದ್ದರೆ ಸುಣ್ಣದ ಕಡ್ಡಿ, ಹಿಟ್ಟು ಅಥವಾ ಇದ್ದಿಲನ್ನು ಉಜ್ಜುವ ಅಭ್ಯಾಸವನ್ನು ಬಿಟ್ಟು ಒಂದು ಕನ್ನಡಿಯನ್ನು ಹಿಡಿಯಿರಿ. ಬಿಸಿಲನ್ನು ಪಕ್ಕದಿಂದ, ಕಲ್ಲಿನ ಮುಖವನ್ನು ಸವರಿಕೊಂಡು ಹೋಗುವಂತೆ ಹಾಯಿಸಿದರೆ ಅಕ್ಷರದ ತಗ್ಗುಗಳಲ್ಲಿ ನೆರಳು ಕುಳಿತು ಸಾಲುಗಳು ಎದ್ದು ಕಾಣುತ್ತವೆ. ಮೋಡ ಕವಿದ ದಿನವಾದರೆ ಕತ್ತಲಾದ ಮೇಲೆ ಟಾರ್ಚಿನಿಂದ ಇದೇ ಕೆಲಸ ಮಾಡಬಹುದು. ನಮ್ಮ ಶಾಸನತಜ್ಞರು ಒದ್ದೆ ಕಾಗದ ಬಡಿದು ತೆಗೆಯುವ ಪಡಿಯಚ್ಚು ಗಟ್ಟಿ ಕಣಶಿಲೆಗೆ ಸರಿ. ಪುಡಿಯಾಗುತ್ತಿರುವ ಅಮೃತಶಿಲೆಗೆ ಅದನ್ನು ಮಾಡಲೇಬಾರದು.

ಓದಿದ್ದನ್ನು ಸಾಲು ಸಾಲಾಗಿ, ತಪ್ಪು ಕಾಗುಣಿತವನ್ನೂ ತಿದ್ದದೆ ನಕಲು ಮಾಡಿ. ಕೆಲವು ಮಾತುಗಳು ಹೊಸಬರನ್ನು ಎಡವಿಸುತ್ತವೆ: ‘ರೆಲಿಕ್ಟ್’ ಎಂದರೆ ವಿಧವೆ, ‘ಎಂ.ಎನ್.ಐ.’ ಎಂದರೆ ಮದ್ರಾಸ್ ನೇಟಿವ್ ಇನ್‌ಫೆಂಟ್ರಿ ಎಂಬ ಪಡೆ. ಪೂರ್ತಿ ಅಳಿಸಿಹೋದ ಕಲ್ಲಿದ್ದರೆ ನಿರಾಶರಾಗುವ ಮೊದಲು ಎರಡು ಕಡೆ ಹುಡುಕಿ. ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲಿ ಪ್ರಕಟಿಸಿದ ಮದ್ರಾಸ್ ಪ್ರಾಂತ್ಯದ ಗೋರಿಬರಹಗಳ ಪಟ್ಟಿಯಲ್ಲಿ ಅನೇಕ ಪಾಠಗಳು ಸಿಗುತ್ತವೆ. ಅಲ್ಲದೆ ಚರ್ಚುಗಳು ತಮ್ಮ ದಫನದ ವಹಿಯ ಪ್ರತಿಯನ್ನು ಲಂಡನ್ನಿಗೆ ಕಳುಹಿಸುತ್ತಿದ್ದುದರಿಂದ ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳಲ್ಲಿವೆ.

ಇನ್ನು ಗಿಡಗಂಟಿ. ಲಂಟಾನವನ್ನು ಬುಡಸಹಿತ ಕೀಳಬಹುದು, ಆದರೆ ಗಾರೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಎಳೆಯಬೇಡಿ; ಬೇರಿನ ಜೊತೆ ಇಟ್ಟಿಗೆಯೂ ಕಿತ್ತು ಬರುತ್ತದೆ. ಅದನ್ನು ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ, ಬೇರು ಸತ್ತು ಸಡಿಲವಾದ ಮೇಲೆಯೇ ತೆಗೆದು ಸಂದನ್ನು ಸುಣ್ಣದ ಗಾರೆಯಿಂದ ತುಂಬಬೇಕು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಮೃದುವಾದ ಕಲ್ಲಿನ ಅಂಚನ್ನು ಕೆತ್ತಿಹಾಕುತ್ತದೆ. ಆದ್ದರಿಂದ ಪ್ರತಿ ಗೋರಿಯ ಸುತ್ತ ಒಂದು ಗೇಣಿನಷ್ಟು ಜಾಗವನ್ನು ಕುಡುಗೋಲಿಗೇ ಬಿಡಿ.

ತೊಳೆಯುವ ವಿಷಯಕ್ಕೆ ಬಂದರೆ, ಹೆಚ್ಚಿನ ಕಲ್ಲುಗಳಿಗೆ ಅದು ಬೇಕಾಗಿಯೇ ಇಲ್ಲ. ಮೇಲೆ ಹಬ್ಬಿರುವ ಬೂದು, ಹಳದಿ ಕಲ್ಲುಹೂವನ್ನು ಕೊಳೆಯೆಂದು ತಿಳಿದು ಕೆರೆದರೆ ಅದು ಅಂಟಿಕೊಂಡಿರುವ ಕಲ್ಲಿನ ಚರ್ಮವೂ ಸುಲಿದು ಬರುತ್ತದೆ. ಅಕ್ಷರ ಮುಚ್ಚಿಹೋಗಿ ತೊಳೆಯಲೇಬೇಕೆಂದಾದರೆ ಬರಿಯ ನೀರು, ಮೆತ್ತನೆಯ ನಾರಿನ ಬ್ರಷ್ಷು ಮತ್ತು ತಾಳ್ಮೆ ಸಾಕು. ಕಲ್ಲನ್ನು ಮೊದಲು ಚೆನ್ನಾಗಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋಗಿ, ಕೊನೆಯಲ್ಲಿ ಧಾರಾಳವಾಗಿ ನೀರು ಹಾಯಿಸಿ. ಹಿತ್ತಾಳೆಯ ಪಾತ್ರೆ ಬೆಳಗುವ ನಮ್ಮ ಮನೆಮದ್ದುಗಳಾದ ಹುಣಸೆಹಣ್ಣು, ನಿಂಬೆರಸಗಳೂ ಶೌಚಾಲಯಕ್ಕೆ ಹಾಕುವ ಆಸಿಡ್ಡೂ ಇಲ್ಲಿ ಒಂದೇ: ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಹುಳಿ ಸೋಕಿದೊಡನೆ ಕರಗತೊಡಗುತ್ತದೆ. ಬ್ಲೀಚಿಂಗ್ ಪುಡಿ ಕಲ್ಲಿನ ರಂಧ್ರಗಳಲ್ಲಿ ಲವಣವನ್ನು ಬಿಟ್ಟುಹೋಗುತ್ತದೆ. ಅದು ಒಣಗಿ ಹರಳುಗಟ್ಟುವಾಗ ಒಳಗಿನಿಂದ ಕಲ್ಲನ್ನು ಒಡೆಯುತ್ತದೆ. ತಂತಿಯ ಬ್ರಷ್ಷು, ಒತ್ತಡದ ನೀರಿನ ಪಂಪು ಎರಡನ್ನೂ ಗೇಟಿನ ಹೊರಗೇ ಬಿಡಿ. ಸೀಸದ ಅಕ್ಷರಗಳನ್ನು ಕೂರಿಸಿದ ಫಲಕಗಳನ್ನಂತೂ ಉಜ್ಜಲೇಬೇಡಿ, ಕಳಚಿ ಬಿದ್ದ ಒಂದೊಂದು ಅಕ್ಷರವನ್ನೂ ಲಕೋಟೆಯಲ್ಲಿಟ್ಟು ಗೋರಿಯ ಸಂಖ್ಯೆ ಬರೆಯಿರಿ.

ವಾಲಿದ ಕಲ್ಲುಗಳೆಲ್ಲ ಬೀಳುವವಲ್ಲ. ಅಂಗೈಯಿಂದ ಮೆಲ್ಲನೆ ಒತ್ತಿದಾಗ ಅಲುಗದಿದ್ದರೆ ಅದನ್ನು ಹಾಗೆಯೇ ಬಿಡಬಹುದು. ಅಲುಗುವುದನ್ನು ನೆಟ್ಟಗೆ ಮಾಡಲು ನಾಲ್ಕು ಜನ ಹುಡುಗರನ್ನು ಕರೆಯುವ ಮುನ್ನ ಲೆಕ್ಕ ಹಾಕಿ: 120 ಸೆಂಟಿಮೀಟರ್ ಎತ್ತರ, 60 ಅಗಲ, 10 ದಪ್ಪದ ಅಮೃತಶಿಲೆಯ ಫಲಕ ಸುಮಾರು 195 ಕಿಲೋ ತೂಗುತ್ತದೆ. ಅದಕ್ಕೆ ಮುಕ್ಕಾಲಿ, ಚೈನ್ ಪುಲ್ಲಿ ಮತ್ತು ಅನುಭವಿ ಮೇಸ್ತ್ರಿ ಬೇಕು. ತುಂಡಾದ ಭಾಗಗಳನ್ನು ಒಂದು ಮೂಲೆಯಲ್ಲಿ ರಾಶಿ ಹಾಕದೆ ಅವುಗಳದೇ ಗೋರಿಯ ಮೇಲೆ ಮಲಗಿಸಿಡಿ. ಗುಂಪಿಗೆ ಸೇರಿದ ತುಂಡು ಮತ್ತೆಂದೂ ತನ್ನ ಮನೆಗೆ ಮರಳುವುದಿಲ್ಲ.

ಇಟ್ಟಿಗೆಯ ಗೋರಿಗಳಿಗೆ ಸಿಮೆಂಟ್ ಮೆತ್ತುವುದು ಎಲ್ಲೆಡೆ ಕಾಣುವ ತಪ್ಪು. ಹಳೆಯ ಇಟ್ಟಿಗೆ ನೆಲದ ತೇವವನ್ನು ಹೀರಿ ಸುಣ್ಣದ ಗಾರೆಯ ಮೂಲಕ ಹೊರಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿದಾಗ ತೇವ ಇಟ್ಟಿಗೆಯೊಳಗೇ ಉಳಿದು ಅದನ್ನು ಪುಡಿಮಾಡುತ್ತದೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಸೇರಿಸಿ, ಸಂದುಗಳನ್ನು ನೆನೆಸಿದ ಮೇಲೆ ಗಾರೆ ತುಂಬಿ, ಒಂದು ವಾರವಾದರೂ ಒದ್ದೆ ಗೋಣಿಚೀಲ ಹೊದಿಸಿಡಿ. ಊಟಿಯಂಥ ಊರಿನಲ್ಲಿ ಡಿಸೆಂಬರ್, ಜನವರಿಯ ಇಬ್ಬನಿ ಹೆಪ್ಪುಗಟ್ಟುವಾಗ ಹಸಿ ಗಾರೆ ಸಿಡಿಯುತ್ತದೆ, ಜೂನಿನ ಮಳೆಗೆ ತೊಳೆದುಹೋಗುತ್ತದೆ. ಮಾರ್ಚ್ ತಿಂಗಳು ಇದಕ್ಕೆ ಒಳ್ಳೆಯದು. ಕಬ್ಬಿಣದ ಕಟಾಂಜನಗಳ ಬುಡವನ್ನೂ ಆಗಲೇ ಪರೀಕ್ಷಿಸಿ, ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿಯಿರಿ, ಏಕೆಂದರೆ ತುಕ್ಕು ಹಿಡಿದ ಕಬ್ಬಿಣ ಉಬ್ಬಿ ತಾನು ನೆಟ್ಟ ಕಲ್ಲನ್ನೇ ಸೀಳುತ್ತದೆ.

ಕೆಲಸದ ಕಡತವನ್ನು ಮೂರು ಪ್ರತಿ ಮಾಡಿ: ಒಂದು ಚರ್ಚಿನ ಕಪಾಟಿಗೆ, ಒಂದು ಡಯಾಸಿಸಿಗೆ, ಇನ್ನೊಂದು 1976ರಿಂದ ದಕ್ಷಿಣ ಏಷ್ಯಾದ ಇಂಥ ಸ್ಮಶಾನಗಳ ದಾಖಲೆ ಕೂಡಿಡುತ್ತಿರುವ ಬ್ಯಾಕ್ಸಾ ಸಂಸ್ಥೆಗೆ. ಮುಂದಿನ ವರ್ಷ ಮಳೆ ನಿಂತ ಮೇಲೆ ಮೊದಲ ಫೋಟೋಗಳನ್ನು ಕೈಯಲ್ಲಿ ಹಿಡಿದು, ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆಯಿರಿ. ಯಾವ ಕಲ್ಲು ಇನ್ನೂ ಒಂದಂಗುಲ ವಾಲಿದೆ, ಯಾವ ಸಂದಿನಲ್ಲಿ ಅರಳಿ ಮತ್ತೆ ಚಿಗುರಿದೆ ಎಂಬುದು ಆಗ ತಿಳಿಯುತ್ತದೆ.