ಹೊಸ ಕಾರಿಗೆ ಹೊರಗಿನ ಅಲಾರಂ: ವಾರಂಟಿ ಕೈಬಿಡದಂತೆ ನಾನು ಹಾಕುವ ಬಗೆ

ಹೊಸ ಕಾರಿನ ವೈರಿಂಗ್ ಮುಟ್ಟಿದರೆ ವಾರಂಟಿ ಮುಗಿಯಿತು ಅಂತ ಹೆದರಿಸುವವರೇ ಹೆಚ್ಚು. ಇದೇ ಕೆಲಸ ಮಾಡುವವರೂ ಬಹಳ ಮಂದಿ ಹಾಗೇ ನಂಬಿದ್ದಾರೆ. ನಾನು ಅಲಾರಂ ಹಾಕಿದ ಕಾರಿಗೆ ಡೋರ್ ಲಾಕ್ ಮೋಟಾರ್ ವಾರಂಟಿಯಲ್ಲೇ ಬದಲಾಯಿತು. ಸೈರನ್ ಬಾನೆಟ್ ಕೆಳಗೆ ಕಾಣುವಂತೆಯೇ ಇತ್ತು, ಬಚ್ಚಿಟ್ಟಿರಲಿಲ್ಲ. ಅಲಾರಂಗೆ ನೇರ ನಂಟಿರುವ ಭಾಗವೇ ಪಾಸಾದ ಮೇಲೆ ಈ ವಿಧಾನ ಬರೆಯಲು ಧೈರ್ಯ ಬಂತು.

ಅಲಾರಂ ಹಾಕಿದ ಮಾತ್ರಕ್ಕೆ ಇಡೀ ಕಾರಿನ ವಾರಂಟಿ ಸಾಮಾನ್ಯವಾಗಿ ಹೋಗುವುದಿಲ್ಲ. ಗೇರ್‌ಬಾಕ್ಸ್, ಸಸ್ಪೆನ್ಷನ್, ಎಸಿ ಕಂಪ್ರೆಸರ್‌ಗಳಿಗೂ ಅಲಾರಂಗೂ ಏನು ಸಂಬಂಧ? ಕತ್ತಿ ಬೀಳುವುದು ಬಿಸಿಎಂ (ಲಾಕ್, ಲೈಟ್ ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್), ಫ್ಯೂಸ್ ಬಾಕ್ಸ್, ಲಾಕ್, ವೈರಿಂಗ್ ಹಾರ್ನೆಸ್ (ವೈರ್‌ಗಳ ಕಟ್ಟು), ಬ್ಯಾಟರಿ ಇವುಗಳ ಮೇಲೆ. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ, ಇಂಥದೇ ಕಂಪನಿಯ ಭಾಗ ಹಾಕಿದರೆ ಮಾತ್ರ ವಾರಂಟಿ ಎನ್ನುವ ಷರತ್ತನ್ನು ತಡೆಯುತ್ತದೆ. ಉಳಿದ ಕಡೆ ವಾರಂಟಿ ಪುಸ್ತಕದ ‘ಮಾರ್ಪಾಡು’ ಷರತ್ತು ಹೇಗೆ ಬರೆದಿದೆ ಎನ್ನುವುದರ ಮೇಲೆ ನಿಂತಿದೆ. ಆ ಒಂದು ಪ್ಯಾರಾ ಓದದೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಕತ್ತರಿಸಿದ ವೈರ್ ಕಂಡರೆ ವಾದ ಅಲ್ಲಿಗೇ ಮುಗಿಯಿತು. ಆದ್ದರಿಂದ ಕಪ್ಲರ್‌ಗೆ (ವೈರ್ ಜೋಡಿಸುವ ಪ್ಲಗ್ಗಿಗೆ) ಕಪ್ಲರ್ ಕೂರುವ ಟಿ-ಹಾರ್ನೆಸ್, ಅಂದರೆ ವೈರ್ ಕತ್ತರಿಸದೆ ನಡುವೆ ಸಿಕ್ಕಿಸುವ ಕವಲು, ಅದನ್ನು ಬಿಟ್ಟು ಬೇರೇನೂ ಹಾಕುವುದಿಲ್ಲ. ದುಡ್ಡಿನ ವಿಚಾರಕ್ಕೆ ಬಂದರೆ ಹಾರ್ನೆಸ್ಸೇ ಒಮ್ಮೊಮ್ಮೆ ಅಲಾರಂನಷ್ಟು ಬೀಳುತ್ತದೆ, ಗಿರಾಕಿ ಗೊಣಗುತ್ತಾನೆ. ಒಂದು ಬಿಸಿಎಂ ಸುಟ್ಟರೆ ಅಂಥ ಎಷ್ಟು ಅಲಾರಂ ಬರುತ್ತವೆ ಅಂತ ಲೆಕ್ಕ ಹೇಳಿದ ಮೇಲೆ ಸುಮ್ಮನಾಗುತ್ತಾನೆ. ವೈರ್ ಕಚ್ಚುವ ಟ್ಯಾಪ್ ಕ್ಲಿಪ್ ಅಗ್ಗ. ಆದರೆ ಅದರ ಬ್ಲೇಡು ಎಳೆಗಳನ್ನು ಅರ್ಧಂಬರ್ಧ ಕತ್ತರಿಸುತ್ತದೆ, ತೇವಕ್ಕೆ ಹಸಿರುಗಟ್ಟುತ್ತದೆ, ಮಳೆಗಾಲ ಕಳೆಯುವ ಹೊತ್ತಿಗೆ ಬಂದೂ ಬಾರದ ದೋಷ ಶುರು. ಯಾವ ಮಾದರಿಗೆ ಯಾವ ಕಪ್ಲರ್ ನಂಬರ್ ಅನ್ನೋದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯಲಾರೆ.

ಹಳೇ ಬಗೆಯ ಅಲಾರಂಗೆ ಇಂಡಿಕೇಟರ್, ಲಾಕ್, ಡೋರ್ ಸ್ವಿಚ್, ಇಗ್ನಿಷನ್ ಅಂತ ಹತ್ತು ಹನ್ನೆರಡು ಜಾಗ ಮುಟ್ಟಬೇಕು. ಕ್ಯಾನ್ ಅಂದರೆ ಕಾರಿನ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಜೋಡಿ ವೈರ್ ಸಾಲು. ಅದಕ್ಕೆ ಸೇರುವ ಕ್ಯಾನ್ ಅಲಾರಂಗೆ ಆ ಜೋಡಿಯ ಕ್ಯಾನ್-ಹೈ, ಕ್ಯಾನ್-ಲೋ, ಜೊತೆಗೆ ಪವರ್, ಅರ್ತ್ ಇಷ್ಟೇ ಸಾಕು. ಇದರಲ್ಲೂ ಎರಡು ಜಾತಿ: ಬರೀ ಕೇಳಿಸಿಕೊಳ್ಳುವುದು, ತಾನೇ ಸಂದೇಶ ಕಳಿಸುವುದು. ವಾರಂಟಿ ಅವಧಿಯಲ್ಲಿ ಬರೀ ಕೇಳುವ ಮೋಡ್‌ನಲ್ಲೇ ಇಡಿ. ಕಂಪನಿ ರಿಮೋಟ್ ಒತ್ತಿದಾಗ ಅಲಾರಂ ತಾನಾಗಿ ಆರ್ಮ್ ಆಗುತ್ತದೆ, ಇನ್ನೇನು ಬೇಕು? ಸಾಲಿನ ಎರಡು ತುದಿಗೂ ಟರ್ಮಿನೇಟರ್ ಎಂಬ 120 ಓಮ್ ರೆಸಿಸ್ಟರ್ ಇರುತ್ತದೆ, ಹಾಗಾಗಿ ಬ್ಯಾಟರಿ ಕಳಚಿ ಹೈ-ಲೋ ನಡುವೆ ಅಳೆದರೆ 60 ಓಮ್ ಹತ್ತಿರ ಬರಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ. 40 ಬಂದರೆ ಅಲಾರಂ ಒಳಗಿನ ಟರ್ಮಿನೇಟರ್ ಆನ್ ಇದೆ, ಜಂಪರ್ ತೆಗೆಯಿರಿ. ಕವಲು ವೈರ್ 30 ಸೆಂ.ಮೀ. ದಾಟಬಾರದು, ಹೈ-ಲೋ ವೈರ್‌ಗಳ ಹೆಣಿಗೆ ಬಿಚ್ಚಬಾರದು. ಬಲ್ಬಿನ ಟೆಸ್ಟ್ ಲ್ಯಾಂಪ್ ಈ ಕಡೆಗೆ ತರಲೇಬೇಡಿ, ಮೀಟರ್ ಮಾತ್ರ. ಹಳದಿ ಕಪ್ಲರ್ ಕಂಡರೆ ಏರ್‌ಬ್ಯಾಗ್, ಕೈ ಹಿಂದಕ್ಕೆ.

ಪವರ್‌ಗೆ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಲ್ಲಿ ಕೂತು ಇನ್ನೊಂದು ಫ್ಯೂಸ್ ಮೂಲಕ ಕವಲು ಕೊಡುವ ತುಂಡು) ಸಾಕು, ಆದರೆ ದಿಕ್ಕು ನೋಡಿ. ತಿರುಗಿಸಿ ಹಾಕಿದರೆ ಅಲಾರಂ ಕರೆಂಟೂ ಹಳೇ ಫ್ಯೂಸ್ ಮೂಲಕವೇ ಹರಿಯುತ್ತದೆ. ಲಾಕ್ ಮಾಡಿ ಸ್ವಲ್ಪ ಹೊತ್ತಿಗೆ ಕಾರಿನ ಕಂಪ್ಯೂಟರ್‌ಗಳು ಮಲಗಿದ ಮೇಲೆ ಕೆಲವು ಫ್ಯೂಸ್‌ಗಳ ಕರೆಂಟನ್ನು ಬಿಸಿಎಂ ಕಡಿದುಬಿಡುತ್ತದೆ. ಅಲ್ಲಿಂದ ಪವರ್ ತೆಗೆದರೆ ನಡುರಾತ್ರಿ ಅಲಾರಂ ಸತ್ತಿರುತ್ತದೆ.

ಅರ್ತ್ ವಿಷಯದಲ್ಲಿ ಪಳಗಿದ ಕೈಗಳೂ ಎಡವುತ್ತವೆ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಲ್ಲುವ ಸ್ಟಾರ್ಟ್-ಸ್ಟಾಪ್ ಇರುವ ಬಹಳಷ್ಟು ಕಾರುಗಳಲ್ಲಿ ಬ್ಯಾಟರಿ ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಸೆನ್ಸರ್ ಇರುತ್ತದೆ. ಸೈರನ್ ಅರ್ತನ್ನು ನೇರ ಟರ್ಮಿನಲ್‌ಗೆ ಬಿಗಿದರೆ ಆ ಕರೆಂಟ್ ಸೆನ್ಸರ್ ಲೆಕ್ಕಕ್ಕೇ ಸಿಗುವುದಿಲ್ಲ. ಬ್ಯಾಟರಿ ಇಳಿದಿದ್ದರೂ ತುಂಬಿದೆ ಅಂತ ಕಾರು ತಿಳಿಯುತ್ತದೆ. ಬಾಡಿಯ ಕಂಪನಿ ಅರ್ತ್ ಬೋಲ್ಟಿಗೇ ರಿಂಗ್ ಲಗ್ ಹಾಕಿ.

ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಬೇರೆಯೇ, ಮೊದಲು ತಳ್ಳಿಹಾಕುವುದೂ ಅದನ್ನೇ. ಹಾಗಾಗಿ ನಿದ್ದೆಯ ಕರೆಂಟ್, ಅಂದರೆ ನಿಂತ ಕಾರು ಬ್ಯಾಟರಿಯಿಂದ ಎಳೆಯುವ ಕರೆಂಟ್, ಅಳೆಯಲೇಬೇಕು. ಬಾನೆಟ್ ಲಾಚನ್ನು ಸ್ಕ್ರೂಡ್ರೈವರಿಂದ ಒತ್ತಿ ಮುಚ್ಚಿದಂತೆ ಮಾಡಿ, ಲಾಕ್ ಮಾಡಿ, ಕೀಯನ್ನು ದೂರ ಇಟ್ಟು ಮುಕ್ಕಾಲು ಗಂಟೆ ಕಾಯಿರಿ. ಅಲಾರಂಗೆ ಮುಂಚೆ 15-20 ಮಿಲಿ ಆಂಪ್, ಆಮೇಲೆ 30ರ ಆಸುಪಾಸು ನನಗೆ ಸಿಗುವ ಅಂಕಿ. 50 ದಾಟಿದರೆ ನಾನು ಬಿಟ್ಟುಕೊಡುವುದಿಲ್ಲ. 30 ಮಿಲಿ ಆಂಪ್ ಅಂದರೆ ದಿನಕ್ಕೆ 0.72 ಆಂಪ್-ಅವರ್, ತಿಂಗಳಿಗೆ ಸುಮಾರು 22. 45ರ ಬ್ಯಾಟರಿಯಲ್ಲಿ ಅರ್ಧ ಹೋಯಿತು. ಇನ್ನೂರು ಮುನ್ನೂರು ತೋರಿಸಿದರೆ ಅಲಾರಂ ಕ್ಯಾನ್ ಸಾಲನ್ನು ಮಲಗಲು ಬಿಡುತ್ತಿಲ್ಲ ಅಂತ ಮೊದಲ ಅನುಮಾನ.

ಸೈರನ್‌ಗೆ ತೂತು ಕೊರೆಯಬೇಡಿ. ಪೇಂಟ್ ಎದ್ದ ಜಾಗದಿಂದ ತುಕ್ಕಿನ ವಾರಂಟಿಯೂ ಹೋಗುತ್ತದೆ. ಇರುವ ಎಂ6 ಬೋಲ್ಟಿಗೇ ಬ್ರಾಕೆಟ್, ಬಾಯಿ ಕೆಳಮುಖ. ವೈರ್ ಒಳಗೆ ಹೋಗುವ ತೂತಿನ ರಬ್ಬರ್ ಬಳೆಗೆ (ಗ್ರೋಮೆಟ್) ಹೋಗುವ ಮುನ್ನ ಕೆಳಗೆ ಜೋತುಬೀಳುವ ಒಂದು ಬಳುಕು ಕೊಡಿ, ಇಲ್ಲವಾದರೆ ನೀರು ವೈರ್ ಹಿಡಿದು ಒಳಗೆ ಇಳಿಯುತ್ತದೆ. ಆಮೇಲೆ ಒದ್ದೆ ಕಾರ್ಪೆಟ್, ಅದರ ಹಿಂದೆಯೇ ಬಿಸಿಎಂ. ಕಳ್ಳ ಓಡಿಸದಂತೆ ಸ್ಟಾರ್ಟರ್ ಅಥವಾ ಫ್ಯುಯೆಲ್ ಪಂಪ್ ಕರೆಂಟ್ ಕಡಿಯುವ ರಿಲೇ ಬೇಡವೇ ಬೇಡ. ಸರಿಯಾದ ಕೀ ಇಲ್ಲದೆ ಎಂಜಿನ್ ಚಾಲೂ ಆಗಲು ಬಿಡದ ಕಂಪನಿಯ ಇಮ್ಮೊಬಿಲೈಸರ್ ಆ ಕೆಲಸ ಮಾಡುತ್ತಿದೆ. ರಿಲೇ ಬೆಸುಗೆ ಬಿಟ್ಟು ಎಂಜಿನ್ ನಡುರಸ್ತೆಯಲ್ಲಿ ನಿಂತರೆ ವಾರಂಟಿಗಿಂತ ದೊಡ್ಡ ತಲೆನೋವು.

ವೈರನ್ನು ಚುಚ್ಚದೆ ಇನ್ಸುಲೇಷನ್ ಮೇಲಿಂದಲೇ ಓದುವ ಕ್ಯಾನ್ ರೀಡರ್ ಕ್ಲಿಪ್ಪನ್ನೂ ಹಾಕಿ ನೋಡಿದೆ. ಓದುವುದು ಚೆನ್ನಾಗಿಯೇ ಓದುತ್ತದೆ. ಕ್ಲಿಪ್ ತುಸು ಓರೆಯಾದರೆ ಸಿಗ್ನಲ್ ಬಿಟ್ಟುಹೋಗುತ್ತದೆ, ಜೊತೆಗೆ ಬೆಲೆಯೂ ಜಾಸ್ತಿ. ಟಿ-ಹಾರ್ನೆಸ್ ಸಿಗದ ಮಾದರಿಗೆ ಮಾತ್ರ ಅದು. ಇನ್ನು ಸೆನ್ಸರ್: ಕಾರಿನೊಳಗಿನ ಅಲುಗಾಟ ಹಿಡಿಯುವ ಅಲ್ಟ್ರಾಸಾನಿಕ್ ಸೆನ್ಸರ್ ಕನ್ನಡಿಗೆ ತೂಗುಬಿಟ್ಟ ಗೊಂಬೆಗೂ ಕೂಗುತ್ತದೆ. ಕಾರಿಗೆ ಬಿದ್ದ ಹೊಡೆತ ಹಿಡಿಯುವ ಶಾಕ್ ಸೆನ್ಸರನ್ನು ಪ್ಲಾಸ್ಟಿಕ್ ಡಕ್ಟ್ ಬಿಟ್ಟು ಡ್ಯಾಶ್‌ಬೋರ್ಡ್ ಹಿಂದಿನ ಕಬ್ಬಿಣದ ಬೀಮಿಗೆ ಬಿಗಿದ ಮೇಲೆ ಸುಳ್ಳು ಅಲಾರಂ ಹತ್ತರಲ್ಲಿ ಒಂದೆರಡಕ್ಕೆ ಇಳಿಯಿತು. ಸೆಟ್ಟಿಂಗ್‌ನಲ್ಲಿ ಇನ್ನೊಂದು ಉಪಾಯ ಇದೆ, ಅದು ಕಳ್ಳರಿಗೂ ಉಪಯೋಗ, ಬರೆಯುವುದಿಲ್ಲ.

ಕಾಗದಪತ್ರ ಬೇಸರದ ಕೆಲಸ, ಆದರೆ ಕ್ಲೇಮ್ ಗೆಲ್ಲಿಸಿದ್ದು ಅದೇ. ಅಲಾರಂ ಹಾಕುವ ಮುಂಚೆ ಒಂದು, ಹಾಕಿದ ಮೇಲೆ ಒಂದು ಪೂರ್ತಿ ಸ್ಕ್ಯಾನ್ ರಿಪೋರ್ಟ್ (ಕಾರಿನ ಕಂಪ್ಯೂಟರ್‌ಗಳಲ್ಲಿರುವ ದೋಷ ಕೋಡ್‌ಗಳ ಪಟ್ಟಿ), ಚಾಸಿಸ್ ನಂಬರ್ ಬರೆದ ಬಿಲ್, ಕರೆಂಟ್ ಅಂಕಿ, ಮುಟ್ಟಿದ ಪ್ರತಿ ಕಪ್ಲರ್‌ನ ಫೋಟೊ. ಎರಡನೇ ರಿಪೋರ್ಟಿನಲ್ಲಿ ಯು0100, ಯು0140 ಥರದ ಸಂಪರ್ಕ ಕೋಡ್ ಬಂದರೆ ಅಳಿಸಿ ಓಡಿಸಿ ಮತ್ತೆ ನೋಡಿ. ಮರಳಿ ಬಂದರೆ ನಿಮ್ಮ ಕೆಲಸದಲ್ಲೇ ಲೋಪ.

ಸರ್ವಿಸ್ ಸೆಂಟರಿನವರು ‘ಹೊರಗಿನ ಫಿಟ್ಟಿಂಗ್ ಇದೆ, ಆಗಲ್ಲ’ ಎಂದರೆ ಯಾವ ಭಾಗ, ಯಾವ ಕೋಡ್, ಅಲಾರಂನಿಂದ ಹೇಗೆ ಕೆಟ್ಟಿತು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಹಾಗೆಯೇ ಅವರೆದುರೇ ಟಿ-ಹಾರ್ನೆಸ್ ಕಳಚಿ, ಕಂಪನಿ ಕಪ್ಲರನ್ನು ವಾಪಸ್ ಕೂರಿಸಿ, ಫ್ಯೂಸ್ ಟ್ಯಾಪ್ ಕೀಳಿ. ಕಾಲು ಗಂಟೆಯ ಕೆಲಸ. ಮೊದಲು ಹೇಳಿದ ಕಾರಿನಲ್ಲಿ ಹೀಗೆ ಕಳಚಿದ ಮೇಲೂ ಲಾಕ್ ಮೋಟಾರ್ ಕಟಕಟ ಅನ್ನುತ್ತಲೇ ಇದ್ದದ್ದರಿಂದ ಅಡ್ವೈಸರ್ ಹೊಸ ಮೋಟಾರಿಗೆ ಆರ್ಡರ್ ಹಾಕಿದರು.