ಶಿಖರಕ್ಕಲ್ಲ, ರಾತ್ರಿಗೆ ತಯಾರಿ: ಕೊರೌರ್ ಬಾಥಿಯಲ್ಲಿ ನಮ್ಮ ವಾರಾಂತ್ಯ

ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೋಗಿ ಅಭ್ಯಾಸ ಇದ್ದವರಿಗೆ ಒಂದು ಧೈರ್ಯ ಇರುತ್ತದೆ. ಎಷ್ಟೇ ಸುಸ್ತಾದರೂ ಸಂಜೆಗೆ ಹೋಂಸ್ಟೇಯಲ್ಲೋ ಗಿರಿಗದ್ದೆಯಲ್ಲೋ ಬಿಸಿ ಅನ್ನ, ಸಾಂಬಾರು ಸಿಗುತ್ತದೆ. ಸ್ಕಾಟ್ಲೆಂಡಿನ ಬಾಥಿಗೆ ಹೊರಡುವಾಗ ಮೊದಲು ಆ ಧೈರ್ಯವನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಬಾಥಿ ಅಂದರೆ ಬೆಟ್ಟಗಳ ನಡುವೆ ಒಂಟಿಯಾಗಿ ನಿಂತ ಹಳೆಯ ಕಲ್ಲಿನ ಮನೆ. ಬೀಗ ಇಲ್ಲ, ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ. ಕರೆಂಟು, ನಲ್ಲಿ, ಹಾಸಿಗೆ ಕೂಡ ಇಲ್ಲ. ಯಾರು ಬೇಕಾದರೂ ಬಂದು ಉಳಿಯಬಹುದು. ನಾವು ಹೋದಾಗ ಒಳಗೆ ಆಗಲೇ ಎಷ್ಟು ಜನ ಇರುತ್ತಾರೋ ಗೊತ್ತಿರುವುದಿಲ್ಲ.

ಹೀಗಾಗಿ ನನ್ನ ಮಟ್ಟಿಗೆ ಇಲ್ಲಿ ತಯಾರಿ ಬೇಕಾಗಿರುವುದು ಶಿಖರಕ್ಕಲ್ಲ, ರಾತ್ರಿಗೆ. ಶಿಖರ ಬಿಟ್ಟು ಬಂದರೆ ನಷ್ಟವೇನಿಲ್ಲ. ರಾತ್ರಿಯನ್ನು ಮಾತ್ರ ಬಿಟ್ಟು ಬರಲು ಆಗುವುದಿಲ್ಲ ಅಲ್ವಾ?

ನಾವು ನಾಲ್ವರು. ನಾನು, ನನ್ನಂತೆ ಅಬರ್ಡೀನ್‌ನಲ್ಲೇ ಕೆಲಸ ಮಾಡುವ ಧಾರವಾಡದ ಗೆಳೆಯ, ಗ್ಲಾಸ್ಗೋದಿಂದ ಬಂದ ಶಿವಮೊಗ್ಗದ ಗೆಳತಿ, ಮತ್ತೆ ನಮ್ಮ ಆಫೀಸಿನ ಸಹೋದ್ಯೋಗಿ. ಇವಳು ಅಬರ್ಡೀನ್‌ನಲ್ಲೇ ಹುಟ್ಟಿದವಳು, ಚಿಕ್ಕಂದಿನಿಂದ ಅಪ್ಪನ ಜೊತೆ ಬಾಥಿಗಳಲ್ಲಿ ಮಲಗಿ ಬೆಳೆದವಳು. ಇನ್ನಿಬ್ಬರು ಬರುತ್ತೇವೆ ಅಂದಿದ್ದರು. ಅವಳೇ ಬೇಡ ಅಂದಳು. ಆರು ಜನ ಮತ್ತು ಅದಕ್ಕಿಂತ ದೊಡ್ಡ ಗುಂಪು ಬಾಥಿಗೆ ಹೋಗಬಾರದು ಅನ್ನುವುದು ಅಲ್ಲಿನ ನಿಯಮ. ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವವರಿಗೂ ಅಲ್ಲಿ ಜಾಗ ಇಲ್ಲ. ಈ ನಿಯಮ ಮಾಡಿದ್ದು ಮೌಂಟನ್ ಬಾಥೀಸ್ ಅಸೋಸಿಯೇಷನ್ ಎಂಬ ಸಂಘ. 1965ರಲ್ಲಿ ಶುರುವಾದ ಇದು ಈಗ ನೂರರಷ್ಟು ಬಾಥಿಗಳನ್ನು ನೋಡಿಕೊಳ್ಳುತ್ತಿದೆ. ಮನೆಗಳು ಹೆಚ್ಚಾಗಿ ಎಸ್ಟೇಟ್, ಅಂದರೆ ಸುತ್ತಲಿನ ದೊಡ್ಡ ಖಾಸಗಿ ಜಮೀನುಗಳ ಮಾಲೀಕರವು. ಸಂಘದವರು ರಿಪೇರಿ ಮಾತ್ರ ಮಾಡುತ್ತಾರೆ, ಅದೂ ಸ್ವಯಂಸೇವಕರೇ ರಜೆ ಹಾಕಿ, ಸುತ್ತಿಗೆ, ಹಲಗೆ ಹೊತ್ತು ನಡೆದು ಹೋಗಿ. ಎಸ್ಟೇಟಿನವರ ಒಪ್ಪಿಗೆ ತಪ್ಪಿದರೆ ಬಾಥಿಯೂ ಹೋಗುತ್ತದೆ. ಜಿಂಕೆ ಬೇಟೆಯ ಕಾಲದಲ್ಲಿ ಕೆಲವು ಬಾಥಿಗಳನ್ನು ಮುಚ್ಚಿರುತ್ತಾರೆ, ಹೊರಡುವ ಮೊದಲು ವಿಚಾರಿಸಬೇಕು.

ನಾವು ಆರಿಸಿಕೊಂಡದ್ದು ಕೇರ್ನ್‌ಗಾರ್ಮ್ಸ್ ಬೆಟ್ಟಗಳ ನಡುವಿನ ಕೊರೌರ್ ಬಾಥಿ. ಜಿಂಕೆಗಳ ಮೇಲೆ ಕಣ್ಣಿಡುವ ಕಾವಲುಗಾರನಿಗಾಗಿ 1877ರಲ್ಲಿ ಕಟ್ಟಿದ ಒಂದೇ ಕೋಣೆಯ ಮನೆ. ಲಾರಿಗ್ ಗ್ರೂ ಎಂಬ ಉದ್ದನೆಯ ಕಣಿವೆಯಲ್ಲಿ, ಡೆವಿಲ್ಸ್ ಪಾಯಿಂಟ್ ಬೆಟ್ಟದ ಬುಡದಲ್ಲಿದೆ. ಹತ್ತಿರದ ರಸ್ತೆಯೇ ಸುಮಾರು 13 ಕಿಲೋಮೀಟರ್ ದೂರ.

ಇನ್ನು ಹೊರೆಯ ವಿಷಯ. ಧಾರವಾಡದವನ ಮೊದಲ ಲೆಕ್ಕ ಹೀಗಿತ್ತು: ನಮ್ಮ ಮುಳ್ಳಯ್ಯನಗಿರಿ 1930 ಮೀಟರ್, ಇಲ್ಲಿ ಇಡೀ ಬ್ರಿಟನ್ನಿಗೇ ಎತ್ತರವಾದ ಬೆನ್ ನೆವಿಸ್ 1345 ಮೀಟರ್, ಇದಕ್ಕೆ ಇಷ್ಟೊಂದು ಬಟ್ಟೆ ಯಾಕೆ? ಎತ್ತರ ನೋಡಿದರೆ ಮಾತು ಸರಿ. ಆದರೆ ಇದು ಭೂಪಟದಲ್ಲಿ 57 ಡಿಗ್ರಿ ಉತ್ತರ. ನಾವು ದಾಟಿ ಹೋಗುವ ಬ್ರೇಮಾರ್ ಎಂಬ ಊರಿನಲ್ಲೇ 1982ರ ಜನವರಿಯಲ್ಲಿ ಮೈನಸ್ 27.2 ಡಿಗ್ರಿ ದಾಖಲಾಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಅಷ್ಟು ಚಳಿ ಇರುವುದಿಲ್ಲ, ನಿಜ. ಆದರೆ ಮಳೆ, ಗಾಳಿ ಎರಡೂ ಸೇರಿದರೆ ಸೊನ್ನೆಗಿಂತ ಮೇಲಿದ್ದರೂ ಮೈ ನಡುಗುತ್ತದೆ. ಆ ಸಮಯವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಮಿಡ್ಜ್. ಬೇಸಿಗೆಯಲ್ಲಿ ಮೋಡದಂತೆ ಮುತ್ತಿ ಕಚ್ಚುವ ಈ ಪುಟ್ಟ ನೊಣಗಳ ಕಾಟ ಅಷ್ಟು ಹೊತ್ತಿಗೆ ಬಹಳ ಮಟ್ಟಿಗೆ ಮುಗಿದಿರುತ್ತದೆ.

ಸ್ಲೀಪಿಂಗ್ ಬ್ಯಾಗ್, ಕೆಳಗೆ ಹಾಸುವ ಮ್ಯಾಟ್, ತಲೆಗೆ ಕಟ್ಟುವ ಟಾರ್ಚು, ಅದಕ್ಕೆ ಇನ್ನೊಂದು ಸೆಟ್ ಬ್ಯಾಟರಿ, ಮೇಣದಬತ್ತಿ, ನಕ್ಷೆ, ಕಂಪಾಸ್, ಗ್ಯಾಸ್ ಸ್ಟೋವ್. ಇದನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಸಹೋದ್ಯೋಗಿ ಹೇಳಿಕೊಟ್ಟ ಬಟ್ಟೆಯ ನಿಯಮ. ನಡೆಯಲು ಒಂದು ಜೊತೆ, ರಾತ್ರಿಗೆ ಒಂದು ಜೊತೆ. ರಾತ್ರಿಯದು ನಮ್ಮಜ್ಜಿಯ ಮಡಿ ಬಟ್ಟೆ ಇದ್ದ ಹಾಗೆ. ದಾರಿಯಲ್ಲಿ ಎಷ್ಟೇ ನೆನೆದರೂ ಅದನ್ನು ಮುಟ್ಟುವಂತಿಲ್ಲ, ಬಾಥಿಯ ಬಾಗಿಲು ದಾಟಿದ ಮೇಲೇ ಹಾಕಿಕೊಳ್ಳಬೇಕು. ಬೆಳಿಗ್ಗೆ ಎದ್ದು ಅದನ್ನು ಬಿಚ್ಚಿಟ್ಟು, ನಿನ್ನೆಯ ಒದ್ದೆ ಕಾಲುಚೀಲವನ್ನೇ ಮತ್ತೆ ಏರಿಸಬೇಕು. ಇಡೀ ಪ್ರವಾಸದಲ್ಲಿ ಅದರಷ್ಟು ಬೇಸರದ ಕೆಲಸ ಮತ್ತೊಂದಿಲ್ಲ. ಆದರೆ ಒಣ ಬಟ್ಟೆಯಲ್ಲಿ ಹೊರಟು ಅದೂ ನೆಂದರೆ ಆಮೇಲೆ ಹಾಕಿಕೊಳ್ಳಲು ಏನೂ ಇರುವುದಿಲ್ಲ. ಬ್ಯಾಗಿನ ಮೇಲೆ ಹೊದಿಸುವ ಕವರನ್ನೂ ನಂಬಬೇಡಿ, ಗಾಳಿಗೆ ಹಾರಿಹೋಗುತ್ತದೆ. ಬ್ಯಾಗಿನ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಎಲ್ಲವನ್ನೂ ಅದರೊಳಗೆ ತುಂಬಿ ಬಾಯಿ ಸುತ್ತಿದರೆ ಸಾಕು.

ಊಟದ ಜವಾಬ್ದಾರಿ ಶಿವಮೊಗ್ಗದವಳದು. ಇಲ್ಲಿನವರು ಹೆಚ್ಚಾಗಿ ಬಿಸಿನೀರು ಸುರಿದರೆ ಊಟವಾಗುವ ಒಣ ಆಹಾರದ ಪೊಟ್ಟಣ ತರುತ್ತಾರೆ. ದುಬಾರಿ, ರುಚಿಯೂ ಅಷ್ಟಕ್ಕಷ್ಟೆ. ಬಿಸಿನೀರು ಸುರಿಯುವ ಊಟ ನಮ್ಮಲ್ಲೇ ಬೇಕಾದಷ್ಟಿದೆ! ಅವಳು ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಸಾರಿನ ಪುಡಿ, ಬೆಲ್ಲ, ಕೊಬ್ಬರಿ ಕಲಸಿ ತಂದಿದ್ದಳು. ಹುಣಸೆಹಣ್ಣಿನ ಗೊಜ್ಜನ್ನು ಕುದಿಸಿ ಗಟ್ಟಿ ಮಾಡಿ ಸಣ್ಣ ಡಬ್ಬಿಯಲ್ಲಿ ಬೇರೆ ಇಟ್ಟಿದ್ದಳು. ಬಿಸಿನೀರಿಗೆ ಗೊಜ್ಜು ಕದಡಿ ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಗೊಜ್ಜವಲಕ್ಕಿ ತಯಾರು. ಬೆಳಗಿನ ಉಪ್ಪಿಟ್ಟಿಗೂ ಅದೇ ಉಪಾಯ. ರವೆ ಹುರಿದು ಒಗ್ಗರಣೆ ಬೆರೆಸುವ ಕೆಲಸ ಮನೆಯಲ್ಲೇ ಮುಗಿದಿತ್ತು. ಅಲ್ಲಿ ನೀರು ಕುದಿಸಿ ರವೆ ಹಾಕಿ, ಒಲೆ ಆರಿಸಿ, ಪಾತ್ರೆಗೆ ಜಾಕೆಟ್ ಸುತ್ತಿ ಇಟ್ಟರೆ ತನ್ನಷ್ಟಕ್ಕೇ ಅರಳುತ್ತದೆ. ಗ್ಯಾಸ್ ಉಳಿಯಿತು, ಹೊರೆಯೂ ಇಳಿಯಿತು. ಧಾರವಾಡದವನು ತಂದದ್ದು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿ ದಾರಿಯಲ್ಲೇ ಚೂರುಚೂರಾಯಿತು. ಆ ಚೂರಿಗೆ ಚಟ್ನಿಪುಡಿ, ಎಣ್ಣೆ ಕಲಸಿ ತಿಂದೆವು. ಬಾಥಿಯಲ್ಲಿ ಸಿಕ್ಕ ಇಬ್ಬರು ಸ್ಕಾಟಿಷ್ ಹುಡುಗರು ಕೂಡ ಎರಡನೇ ಸಲ ಕೈ ಚಾಚಿದರು.

ಗ್ಯಾಸ್ ಬಗ್ಗೆ ಒಂದು ಮಾತು. ಬರೀ ಬ್ಯುಟೇನ್ ತುಂಬಿದ ಅಗ್ಗದ ಡಬ್ಬಿ ಚಳಿಗೆ ಆಗಿಬರುವುದಿಲ್ಲ. ಬ್ಯುಟೇನ್ ಕುದಿಯುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಅದಕ್ಕಿಂತ ಚಳಿಯಾದರೆ ದ್ರವವಾಗಿ ಕೂತುಬಿಡುತ್ತದೆ. ಪ್ರೊಪೇನ್ ಬೆರೆಸಿದ ಡಬ್ಬಿ ಕೊಳ್ಳಿ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನ ಕಾಲ ಬಳಿ ಇಟ್ಟುಕೊಂಡರೆ ಬೆಳಗಿನ ಕಾಫಿ ಬೇಗ ಆಗುತ್ತದೆ.

ಹೊರಟದ್ದು ಶನಿವಾರ ಬೆಳಿಗ್ಗೆ. ಡೀ ನದಿಯ ಪಕ್ಕದ ರಸ್ತೆಯಲ್ಲಿ ಬ್ಯಾಲಟರ್, ಬ್ರೇಮಾರ್ ದಾಟಿ ಲಿನ್ ಆಫ್ ಡೀ ಎಂಬಲ್ಲಿ ಕಾರು ನಿಲ್ಲಿಸಿದೆವು. ಅಲ್ಲಿ ಇಡೀ ನದಿ ಕಿರಿದಾದ ಬಂಡೆಯ ಸೀಳಿನಲ್ಲಿ ನುಗ್ಗಿ ಹೋಗುತ್ತದೆ, ಎರಡು ನಿಮಿಷ ನಿಂತು ನೋಡುವ ಜಾಗ. ಅಲ್ಲಿಂದ ಡೆರಿ ಲಾಡ್ಜ್ ಎಂಬ ಹಳೆಯ ಬೇಟೆಮನೆಯ ತನಕ ಸುಮಾರು 5 ಕಿಲೋಮೀಟರ್ ಜೀಪು ಹೋಗುವಂಥ ಅಗಲ ದಾರಿ. ಮಾತಾಡುತ್ತಾ ಮುಗಿದುಹೋಯಿತು. ಲಾಡ್ಜಿನ ಸುತ್ತ ಹಳೆಯ ಪೈನ್ ಮರಗಳಿವೆ. ಈ ಜಮೀನು 1995ರಿಂದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂರಕ್ಷಣಾ ಸಂಸ್ಥೆಯ ಕೈಯಲ್ಲಿದೆ. ಚಿಗುರು ತಿಂದು ಹಾಕುವ ಜಿಂಕೆಗಳ ಸಂಖ್ಯೆ ಇಳಿಸಿದ್ದರಿಂದ ಎಳೆಯ ಪೈನ್ ಗಿಡಗಳು ದಾರಿಯ ಎರಡೂ ಬದಿಗೆ ತಾವಾಗಿಯೇ ಎದ್ದು ಬರುತ್ತಿವೆ. ಕಾಡು ಉಳಿಸಲು ಜಿಂಕೆ ಕಡಿಮೆ ಮಾಡಬೇಕು ಅನ್ನುವುದು ನಮ್ಮ ಕಿವಿಗೆ ವಿಚಿತ್ರ. ಆದರೆ ಇಲ್ಲಿ ಜಿಂಕೆ ಹಿಡಿಯುವ ಹುಲಿ, ಚಿರತೆ ಇಲ್ಲ. ತೋಳ ಹೋಗಿ ಕಾಲವಾಯಿತು.

ಅಲ್ಲಿಂದ ಮುಂದೆ ಮರ ಕಡಿಮೆಯಾಗುತ್ತಾ ಹೋಗಿ, ಬರೀ ಹೆದರ್ ಪೊದೆ, ಕಲ್ಲು, ಒದ್ದೆ ಪೀಟ್ ಮಣ್ಣು. ಲೂಯಿಬೆಗ್ ಹಳ್ಳ ದಾಟುವಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ಹೋಗಬಹುದು ಅಂತ ಆಸೆ ಹುಟ್ಟುತ್ತದೆ. ನೀರು ಜಾಸ್ತಿ ಇದ್ದರೆ ಬೇಡ. ಸ್ವಲ್ಪ ಮೇಲಕ್ಕೆ ನಡೆದರೆ ಸೇತುವೆಯೇ ಇದೆ, ನಾವು ಸುತ್ತಿಕೊಂಡೇ ಹೋದೆವು. ನಡಿಗೆಯ ಸಮಯಕ್ಕೆ ಇಲ್ಲಿನವರು 1892ರ ನೈಸ್ಮಿತ್ ಲೆಕ್ಕ ಹಿಡಿಯುತ್ತಾರೆ: ಗಂಟೆಗೆ ಸುಮಾರು 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆನ್ನ ಮೇಲೆ ಹೊರೆ ಇದ್ದರೆ ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ, ಆಗ ಸರಿಹೋಗುತ್ತದೆ. ಕೊನೆಯ ತಿರುವು ಕಳೆದ ಮೇಲೆ ಕಣಿವೆ ಒಮ್ಮೆಲೇ ತೆರೆದುಕೊಳ್ಳುತ್ತದೆ. ಆಚೆ ದಡದಲ್ಲಿ ಕಪ್ಪು ಬಂಡೆಯ ಡೆವಿಲ್ಸ್ ಪಾಯಿಂಟ್, ಅದರ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ಮನೆ. ಕಂಡಿತಲ್ಲ, ಬಂದೇ ಬಿಟ್ಟೆವು ಅನ್ನಿಸುತ್ತದೆ. ಡೀ ನದಿಯ ಕಾಲುಸೇತುವೆ ದಾಟಿ, ಕೆಸರು ತುಳಿದು ಬಾಗಿಲು ಮುಟ್ಟುವ ಹೊತ್ತಿಗೆ ಮತ್ತೂ ಬಹಳ ಹೊತ್ತಾಗುತ್ತದೆ.

ಒಳಗೆ ಆಗಲೇ ಮೂವರಿದ್ದರು. ಬಾಥಿಯಲ್ಲಿ ಬಂದವರನ್ನು ಸ್ವಾಗತಿಸುವ ಮಾಲೀಕನಿಲ್ಲ, ಮೊದಲು ಬಂದವರೇ ಆ ಕೆಲಸ ಮಾಡುತ್ತಾರೆ. ಅವರು ತಮ್ಮ ಸಾಮಾನು ಸರಿಸಿ ಜಾಗ ಮಾಡಿಕೊಟ್ಟರು, ಚಹಾ ಬೇಕಾ ಅಂದರು. ಕತ್ತಲಾಗುವಾಗ ಆ ಇಬ್ಬರು ಹುಡುಗರು ಬಂದಾಗ ಆ ಕೆಲಸ ನಮ್ಮದಾಯಿತು. ಜಾಗ ಸಾಲಲಿಲ್ಲ, ಅವರು ಹೊರಗೆ ಟೆಂಟು ಹಾಕಿದರು. ಇದಕ್ಕೇ ಎಲ್ಲರೂ ಟೆಂಟು ತರುವುದು ಒಳ್ಳೆಯದು ಅನ್ನುವುದು. ನಮ್ಮಲ್ಲೂ ಒಂದಿತ್ತು, ಬಿಚ್ಚುವ ಪ್ರಸಂಗ ಬರಲಿಲ್ಲ.

ಸುತ್ತ ಕಡ್ಡಿಯಷ್ಟು ಸೌದೆ ಇಲ್ಲ. ಬೆಂಕಿ ಬೇಕಾದರೆ ಕಲ್ಲಿದ್ದಲನ್ನು ಕಾರಿನಿಂದಲೇ ಹೊತ್ತು ತರಬೇಕು. ಅಷ್ಟು ದೂರ ಕಲ್ಲಿದ್ದಲು ಹೊರುವ ಬದಲು ಆ ತೂಕಕ್ಕೆ ದಪ್ಪ ಸ್ಲೀಪಿಂಗ್ ಬ್ಯಾಗ್ ತಂದಿದ್ದೆವು, ಬಿಸಿನೀರು ತುಂಬಿದ ಬಾಟಲಿಯನ್ನು ಒಳಗಿಟ್ಟುಕೊಂಡು ಮಲಗಿದೆವು. ನೀರು ಪಕ್ಕದ ತೊರೆಯದು. ಕೊರೌರ್‌ಗೆ ಒಂದು ಹೆಚ್ಚುಗಾರಿಕೆ ಇದೆ, ಕಟ್ಟಡಕ್ಕೆ ಸೇರಿದಂತೆ ಶೌಚಾಲಯ. ಬಹಳಷ್ಟು ಬಾಥಿಗಳಲ್ಲಿ ಸಲಿಕೆ ಹಿಡಿದು ಹೊರಗೆ ನಡೆಯಬೇಕು, ಮನೆಯಿಂದಲೂ ನೀರಿನಿಂದಲೂ ದೂರ ಹೋಗಿ ಗುಂಡಿ ತೋಡಬೇಕು. ಇಲ್ಲಿ ಆ ಶೌಚಾಲಯವನ್ನು ಖಾಲಿ ಮಾಡುವುದೂ ಸ್ವಯಂಸೇವಕರೇ. ಅವರನ್ನು ನೆನೆದು ಅದರೊಳಗೆ ಕಸ ಹಾಕಬೇಡಿ. ಊಟದ ಚೀಲವನ್ನು ನೆಲದ ಮೇಲೆ ಬಿಡದೆ ಮೊಳೆಗೆ ತೂಗುಹಾಕಿ, ಇಲಿಗಳಿಗೂ ಅದೇ ಮನೆ.

ಮೇಣದಬತ್ತಿಯ ಬೆಳಕಿನಲ್ಲಿ ಮಾತು ಎದುರಿನ ಬೆನ್ ಮ್ಯಾಕ್‌ಡೂಯಿಯ ಕಡೆ ತಿರುಗಿತು. 1309 ಮೀಟರ್, ಬ್ರಿಟನ್ನಿನ ಎರಡನೇ ಅತಿ ಎತ್ತರದ ಬೆಟ್ಟ. ಅಲ್ಲಿ ಬೂದು ಬಣ್ಣದ ದೊಡ್ಡ ಮನುಷ್ಯನೊಬ್ಬ ಓಡಾಡುತ್ತಾನಂತೆ. ಇದನ್ನು ಪ್ರಸಿದ್ಧಿಗೆ ತಂದವರು ನಾರ್ಮನ್ ಕೋಲಿ ಎಂಬ ರಸಾಯನಶಾಸ್ತ್ರದ ಪ್ರೊಫೆಸರ್. 1891ರಲ್ಲಿ ಮಂಜಿನಲ್ಲಿ ಒಬ್ಬರೇ ಇಳಿದು ಬರುವಾಗ ಹಿಂದೆ ಯಾರೋ ದೊಡ್ಡ ಹೆಜ್ಜೆ ಹಾಕುವ ಸದ್ದು ಕೇಳಿ ಮೈಲುಗಟ್ಟಲೆ ಓಡಿದೆ ಅಂತ 1925ರಲ್ಲಿ ಕೇರ್ನ್‌ಗಾರ್ಮ್ ಕ್ಲಬ್ಬಿನ ಸಭೆಯಲ್ಲಿ ಹೇಳಿದರು. ಸಹೋದ್ಯೋಗಿ ಇದನ್ನು ತಣ್ಣನೆ ದನಿಯಲ್ಲಿ ಹೇಳಿ ಮುಗಿಸಿದಾಗ ಧಾರವಾಡದವನು ನನ್ನ ಕಡೆ ತಿರುಗಿ, "ಅಲ್ಲಲೇ, ದೆವ್ವದ ಕತಿ ಕೇಳಾಕ ಇಷ್ಟು ದೂರ ಬರಬೇಕಿತ್ತೇನು? ನಮ್ಮೂರಾಗ ಹುಣಸಿ ಗಿಡ ಇಲ್ಲೇನು?" ಅಂದ. ಅದೇ ಹೊತ್ತಿಗೆ ಹೊರಗೆ ಏನೋ ಗಂಟಲು ಹರಿಯುವಂತೆ ಕೂಗಿತು. ಅವನ ಕೈಯಲ್ಲಿದ್ದ ಚಹಾ ಚೆಲ್ಲಿತು. ಗಂಡು ಜಿಂಕೆ! ಸೆಪ್ಟೆಂಬರ್ ಕೊನೆಯಿಂದ ಅವುಗಳ ಬೆದೆಯ ಕಾಲ. ಇಡೀ ರಾತ್ರಿ ಕಣಿವೆಯ ಈ ಬದಿಯಿಂದ ಒಂದು, ಆ ಬದಿಯಿಂದ ಇನ್ನೊಂದು ಗುಡುಗುತ್ತಿದ್ದವು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದು ಅವುಗಳಿಗಲ್ಲ, ಪಕ್ಕದವರ ಗೊರಕೆಗೆ.

ಭಾನುವಾರ ಬೆಳಿಗ್ಗೆ ಬಾಥಿಯ ಹಿಂದಿನ ಹಾದಿಯಲ್ಲಿ ಹತ್ತಿದೆವು. ಬ್ಯಾಗುಗಳನ್ನು ಅಲ್ಲೇ ಬಿಟ್ಟು, ಮಳೆಯಂಗಿ, ನಕ್ಷೆ, ತಿಂಡಿ ಮಾತ್ರ ಜೊತೆಗೆ. ದಾರಿ ಸ್ಪಷ್ಟವಾಗಿದೆ, ಮೇಲೆ ಮೇಲೆ ಹೋದಂತೆ ಕಡಿದಾಗುತ್ತದೆ. ಚಳಿಗಾಲದಲ್ಲಿ ಇದೇ ಜಾಗದಲ್ಲಿ ಹಿಮ ಗಟ್ಟಿಯಾಗಿ, ಕುಸಿಯುವ ಭಯವೂ ಇರುತ್ತದೆ. ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ), ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳು) ಬಳಸಲು ಬಾರದವರು ಆಗ ಹೋಗಬಾರದು. ಮೇಲೆ ತಲುಪಿದ ಮೇಲೆ ಎಡಕ್ಕೆ ಹೋದರೆ 1004 ಮೀಟರಿನ ಡೆವಿಲ್ಸ್ ಪಾಯಿಂಟ್, ಬಲಕ್ಕೆ ಹೋದರೆ 1291 ಮೀಟರಿನ ಕೇರ್ನ್ ಟೂಲ್. ಎರಡೂ ಮನ್ರೋಗಳೇ, ಅಂದರೆ 3000 ಅಡಿ ಮೀರಿದ 282 ಸ್ಕಾಟಿಷ್ ಬೆಟ್ಟಗಳ ಪಟ್ಟಿಗೆ ಸೇರಿದವು. ಬೆಟ್ಟದ ಹವಾಮಾನ ಹೇಳುವ ಸಂಸ್ಥೆ ಇಲ್ಲಿ ಶಿಖರಗಳಲ್ಲಿ ಮೋಡ ಇಲ್ಲದಿರುವ ಸಾಧ್ಯತೆ ಶೇಕಡಾ ಎಷ್ಟು ಅಂತಲೇ ಹೇಳುತ್ತದೆ, ಆ ದಿನ ಅದು ಕಡಿಮೆಯೇ ಇತ್ತು. ಬಲಗಡೆ ಬಿಳಿ ಗೋಡೆಯಂತೆ ಮಂಜು ಕೂತಿತ್ತು. ಎಡಕ್ಕೆ ತಿರುಗಿದೆವು. ತುದಿಯಲ್ಲಿ ಒಂದೈದು ನಿಮಿಷ ಮಂಜು ಹರಿದು ಡೀ ಕಣಿವೆ ಉದ್ದಕ್ಕೂ ಕಂಡಿತು, ಮತ್ತೆ ಮುಚ್ಚಿಕೊಂಡಿತು. ಕೇರ್ನ್ ಟೂಲ್ ಬಗ್ಗೆ ಯಾರೂ ಚರ್ಚೆ ಎತ್ತಲಿಲ್ಲ. ಮಧ್ಯಾಹ್ನದ ಮೇಲೆ ಕಾರಿನ ತನಕ ಇಡೀ ದಾರಿ ವಾಪಸ್ ನಡೆಯಬೇಕಿತ್ತು, ಏಳರ ಸುಮಾರಿಗೆ ಕತ್ತಲು.

ಕೆಳಗೆ ಬಂದು ಬಾಥಿ ಗುಡಿಸಿದೆವು. ಬೇರೆಯವರು ಬಿಟ್ಟುಹೋದ ಖಾಲಿ ಗ್ಯಾಸ್ ಡಬ್ಬಿ, ಪೊಟ್ಟಣಗಳನ್ನೂ ಚೀಲಕ್ಕೆ ತುಂಬಿಕೊಂಡೆವು. ಮುಂದೆ ಬರುವವರಿಗೆ ಉಪಯೋಗವಾಗಲಿ ಅಂತ ಉಳಿದ ಆಹಾರ ಬಿಟ್ಟು ಬರುವುದು ಪುಣ್ಯದ ಕೆಲಸ ಅನ್ನಿಸಬಹುದು. ಅದು ಇಲಿಗಳ ಪಾಲಾಗುತ್ತದೆ, ವಾಪಸ್ ತನ್ನಿ. ಬಾಗಿಲನ್ನು ಗಟ್ಟಿಯಾಗಿ ಎಳೆದು ಹಾಕುವುದೂ ಮುಖ್ಯ.

ಕಣಿವೆಯಲ್ಲಿ ಫೋನ್ ಸಿಗ್ನಲ್ ಇರಲಿಲ್ಲ. ಅದಕ್ಕೇ ಎಲ್ಲಿಗೆ ಹೋಗುತ್ತೇವೆ, ಎಷ್ಟು ಗಂಟೆಯೊಳಗೆ ಫೋನ್ ಮಾಡದಿದ್ದರೆ ಏನು ಮಾಡಬೇಕು ಅಂತ ಅಬರ್ಡೀನ್‌ನ ಗೆಳೆಯನೊಬ್ಬನಿಗೆ ಬರೆದುಕೊಟ್ಟಿದ್ದೆವು. ತುರ್ತಿನಲ್ಲಿ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಬೇಕು. ಅರೆಬರೆ ಸಿಗ್ನಲ್ಲಿನಲ್ಲಿ ಕರೆ ಹೋಗದಿದ್ದರೂ ಮೆಸೇಜ್ ಹೋಗಬಹುದು. ಅದಕ್ಕೆ ಫೋನನ್ನು ಮೊದಲೇ ನೋಂದಾಯಿಸಿರಬೇಕು, 999ಕ್ಕೆ ರಿಜಿಸ್ಟರ್ ಎಂದು ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿದರೆ ಮುಂದಿನದು ಅವರೇ ಹೇಳುತ್ತಾರೆ.

ಮೊದಲ ಸಲ ಹೋಗುವವರು ಕೊರೌರ್‌ನಿಂದಲೇ ಶುರು ಮಾಡಬೇಕೆಂದಿಲ್ಲ. ಡೆರಿ ಲಾಡ್ಜ್ ಬಳಿ ಬಾಬ್ ಸ್ಕಾಟ್ಸ್ ಎಂಬ ಬಾಥಿ ಇದೆ, ಕಾರಿನಿಂದ ಸುಮಾರು 5 ಕಿಲೋಮೀಟರ್, ಎಲ್ಲ ಸಪಾಟು ದಾರಿ. ಬೆಟ್ಟಗಳ ಉತ್ತರ ಬದಿಯಲ್ಲಿ ಗ್ಲೆನ್‌ಮೋರ್‌ನಿಂದ ಸ್ವಲ್ಪವೇ ನಡೆದರೆ ರೈವೋನ್ ಸಿಗುತ್ತದೆ, ದಾರಿಯಲ್ಲಿ ಹಸಿರು ನೀರಿನ ಪುಟ್ಟ ಕೆರೆಯೂ ಇದೆ. ರಾತ್ರಿ ಸರಿಹೋಗದಿದ್ದರೆ ಟಾರ್ಚು ಹಾಕಿಕೊಂಡು ಕಾರಿಗೆ ನಡೆದು ಬರುವಷ್ಟು ಹತ್ತಿರ ಎರಡೂ. ಶಿವಮೊಗ್ಗದವಳು ಮುಂದಿನ ಸಲ ತಮ್ಮನನ್ನು ರೈವೋನ್‌ಗೇ ಕರೆದೊಯ್ಯುತ್ತಾಳಂತೆ. ಕಡಕ್ ರೊಟ್ಟಿಗೆ ಧಾರವಾಡದವನಿಗೆ ಆಗಲೇ ಹೇಳಿಟ್ಟಿದ್ದಾಳೆ.